ಇರುವೆ ಮುಟ್ಟದ ಹಾಲು

ಕೂಸು ದಿನಕ್ಕೆ ಐದು ಸಲ ತೆಳ್ಳಗೆ, ಹಳದಿಯಾಗಿ ಹೇಲುತ್ತಿತ್ತು. ಪೂಜಾಳ ತವರು ಬೆಳವಣಕಿಯಲ್ಲಿ ಮೂರು ತಿಂಗಳು ಯಾರೂ ಅದನ್ನು ಎಣಿಸಿರಲಿಲ್ಲ. ಸವಡಿಯ ಗಂಡನ ಮನೆಗೆ ಬಂದ ಮರುದಿನವೇ ಅತ್ತೆ ಗೌರವ್ವ ಎಣಿಸತೊಡಗಿದಳು. ಎಣಿಸುವುದರಲ್ಲಿ ಆಕೆ ಮಹಾ ಗಟ್ಟಿಗಿತ್ತಿ. ಸೊಸೆ ತಿಂದ ರೊಟ್ಟಿ, ಮಲಗಿದ ಹೊತ್ತು, ಫೋನಿನಲ್ಲಿ ನಕ್ಕ ನಗು, ಎಲ್ಲಕ್ಕೂ ಲೆಕ್ಕವಿತ್ತು. ಕೂಸನ್ನೆತ್ತಿಕೊಂಡು ಹೊಸ್ತಿಲು ದಾಟಿದವಳಿಗೆ ಆಕೆ ಆಡಿದ ಮೊದಲ ಮಾತೇ, "ಜ್ವಾಳದ ಚೀಲದ ಕಡೆ ಹೋಗಬ್ಯಾಡ, ನಿನ್ನೆ ಇರುವಿ ಪುಡಿ ಹೊಡದೀನಿ," ಎಂಬುದಾಗಿತ್ತು.

ಈಗ ಎರಡನೇ ಮಾತು. "ನಿನ್ನ ಹಾಲು ನೀರಾಗೇತಿ. ಅದಕ್ಕ ಕೂಸಿನ ಮೈಗೆ ಹತ್ತವಲ್ದು."

ಪೂಜಾ ಹಲ್ಲು ಕಚ್ಚಿಕೊಂಡಳು. ಕೂಸಿನ ಕೆನ್ನೆ ತುಂಬಿದ್ದವು, ತೊಡೆ ಮಡಿಕೆ ಬಿದ್ದಿದ್ದವು. ಗೌರವ್ವನಿಗೆ ಕಣ್ಣಿದ್ದವು, ನೋಡುವ ಮನಸ್ಸಿರಲಿಲ್ಲ.

ಆಶಾ ಕಾರ್ಯಕರ್ತೆ ಶಂಕ್ರವ್ವ ಬಂದು ಕೂಸನ್ನು ತೂಗಿ ನಕ್ಕಳು. "ಚಲೋ ಬೆಳದೈತ್ರಿ ಗೌರವ್ವಾರ. ತಾಯಿ ಹಾಲು ಕುಡಿಯೋ ಕೂಸು ಹಿಂಗ ಹೋಗತಾವ. ಆ ಹಾಲಿನ್ಯಾಗ ಒಂದ್ ನಮೂನಿ ಸಕ್ರಿ ಇರತೈತಿ. ಅದು ಕೂಸಿಗೆ ಕರಗಂಗಿಲ್ಲ. ಕರಳಾಗಿನ ಒಳ್ಳೆ ಜೀವಾಣು ಅದನ್ನ ತಿಂದು ಬೆಳೀತಾವ, ಕೆಟ್ಟವಕ್ಕ ಜಾಗಾ ಬಿಡಂಗಿಲ್ಲ."

"ನನ್ನ ಮೊಮ್ಮಗನ ಹೊಟ್ಟ್ಯಾಗ ಹುಳಾ ಸಾಕಾಕ ಹೊಂಟೀರೇನು?"

"ಹುಳಾ ಅಲ್ರೀ. ಮಸರಿನ ಹೆಪ್ಪಿನ್ಯಾಗ ಇರತಾವಲ್ಲ, ಅಂಥಾವು."

"ನಾಕು ಹಡದಾಕಿಗೆ ಹೇಳಾಕ ಬಂದಿ. ನಡಿ, ಹೊರಗ ನಡಿ."

ಶಂಕ್ರವ್ವ ಹೋದಳು. ಅಷ್ಟರಲ್ಲಿ ಪೂಜಾಳ ಗಂಡ ಕಳಕೇಶ, ತಾಯಿ ಹೇಳಿದ್ದಳೆಂದು ಗಜೇಂದ್ರಗಡದಿಂದ ಪುಡಿ ಹಾಲಿನ ಡಬ್ಬಿ ತಂದ. "ತಾಯಿ ಹಾಲಿನ್ಯಾಗ ಇರೋವಂಥಾ ಸಕ್ರಿ ಇದರಾಗೂ ಹಾಕ್ಯಾರಂತ," ಎಂದು ಬೀಗಿದ. ಅಸಲಿನ ಎದುರು ನಿಂತು ನಕಲಿಯನ್ನು ಹೊಗಳುವ ಗಂಡ! ಪೂಜಾಳಿಗೆ ಅತ್ತೆಗಿಂತ ಇವನನ್ನು ಕಂಡೇ ಮೈಯೆಲ್ಲ ಉರಿಯಿತು.

"ಹಂಗಿದ್ರ ನನ್ನ ಹಾಲ ಯಾಕ ಬ್ಯಾಡ್ರಿ?"

ಅವನು ತಾಯಿಯ ಮುಖ ನೋಡಿದ. ತಾಯಿಯ ಬಳಿ ಉತ್ತರ ತಯಾರಿತ್ತು. ಆ ಮನೆತನದಲ್ಲಿ ಬಾಣಂತಿಯ ಹಾಲಿಗೆ ತೀರ್ಪು ಕೊಡುತ್ತಿದ್ದದ್ದು ಇರುವೆಗಳು.

"ತಾಟಿನ್ಯಾಗ ನಾಕು ಹನಿ ಹಿಂಡು. ಇರುವಿ ಬಂದ್ರ ಕುಡಸು. ಬರಲಿಲ್ಲಂದ್ರ ಇವತ್ತ ಎದಿ ಕಟ್ಟಿ ಹಾಲು ಬತ್ತಿಸಿಬಿಡ್ತೀನಿ, ಕೂಸಿಗೆ ಡಬ್ಬಿ ಹಾಲು."

ಪಡಸಾಲೆಯ ಮೂಲೆಯಲ್ಲಿ, ಗೌರವ್ವನ ಅತ್ತೆಯೂ ಇಡುತ್ತಿದ್ದ ಜಾಗದಲ್ಲಿ, ಜೋಳದ ಚೀಲಗಳ ಪಕ್ಕಕ್ಕೆ ತಾಟು ಕೂತಿತು. ತೀರ್ಪು ಬರುವವರೆಗೆ ಕೂಸಿಗೆ ಮೊಲೆ ಇಲ್ಲ. ಕೂಸು ಚೀರಿತು. ಪೂಜಾಳ ಎದೆ ಬಿಗಿದು ಕುಪ್ಪಸ ತೊಯ್ದಿತು. ತಾಸು ಕಳೆದರೂ ಒಂದು ಇರುವೆ ಸುಳಿಯಲಿಲ್ಲ. ಖರೇನೇ ನನ್ನ ಹಾಲು ಕೆಟ್ಟಿದೆಯೇ ಎಂದು ಅವಳಿಗೂ ಅಂಜಿಕೆ ಹುಟ್ಟಿತು. ಹಾಗೆ ಅಂಜಿಸಿದ್ದಕ್ಕಾಗಿ ಮುಂದೆ ಅವಳು ಅತ್ತೆಯನ್ನು ಎಂದೂ ಕ್ಷಮಿಸಲಿಲ್ಲ.

"ನೋಡು, ಇರುವಿಗೂ ಬ್ಯಾಡಾತು," ಎನ್ನುತ್ತ ಗೌರವ್ವ ಎದೆ ಕಟ್ಟಲು ಹಳೆ ಸೀರೆಯನ್ನು ಪರ್ ಎಂದು ಹರಿದಳು. ಕಳಕೇಶ ಡಬ್ಬಿಯ ಮುಚ್ಚಳ ತೆಗೆದ.

ತಾಟು ಎತ್ತಲು ಬಾಗಿದ ಪೂಜಾಳ ಮೂಗಿಗೆ ಘಾಟು ಹೊಡೆಯಿತು. ಚೀಲಗಳ ಬುಡದಲ್ಲಿ ಬಿಳಿ ಗೆರೆ. ಅವಳು ತಾಟನ್ನು ಅಲ್ಲೇ ಬಿಟ್ಟು ಒಳಗೆ ಹೋಗಿ, ಒಂದು ಹಿಡಿ ಸಕ್ಕರೆ ತಂದು ಅದರಲ್ಲೇ ಸುರಿದಳು.

"ಇದನ್ನೂ ನೋಡೋಣ್ರಿ."

ಮೂವರೂ ನೋಡಿದರು. ಕೂಸು ಅತ್ತು ಅತ್ತು ಬಿಕ್ಕುತ್ತಿತ್ತು. ಸಕ್ಕರೆಗೂ ಇರುವೆ ಬರಲಿಲ್ಲ.

"ನಿಮ್ಮ ಸಕ್ರಿನೂ ವಿಷ ಆತೇನ್ರಿ ಅತ್ತಿ? ಹಂಗಾದ್ರ ನಾಳಿಂದ ನಿಮ್ಮ ಚಾದಾಗ ಹಾಕಂಗಿಲ್ಲ. ನೀವ ಪುಡಿ ಹೊಡದು, ನೀವ ಇರುವಿ ಕರೀತೀರಿ!"

ಗೌರವ್ವನ ಕಣ್ಣು ಬಿಳಿ ಗೆರೆಯ ಮೇಲೆ ಬಿತ್ತು. ಮುಖ ಕಪ್ಪಿಟ್ಟಿತು. "ಬಾಯಿ ಭಾಳ ಆತು ನಿಂದು," ಎಂದಳು. ತಪ್ಪಾಯಿತು ಎನ್ನಲಿಲ್ಲ.

"ಆ ಡಬ್ಬಿ ನೀವ ಕುಡೀರಿ," ಎಂದು ಗಂಡನಿಗೆ ಹೇಳಿ, ಪೂಜಾ ಪಡಸಾಲೆಯ ನಡುವೆಯೇ ಕೂತು ಕೂಸಿಗೆ ಮೊಲೆ ಕೊಟ್ಟಳು. ಕೂಸು ಗುಟುಕರಿಸಿ ಕುಡಿಯಿತು. ಕುಡಿಯುತ್ತಲೇ ಬುರ್ ಎಂದು ಅವಳ ಮಡಿಲಲ್ಲಿ ಹಳದಿ ಹೇತಿತು.

ಪೂಜಾ ಅತ್ತೆಯ ಕೈಯಿಂದ ಆ ಹರಿದ ಸೀರೆ ಪಟ್ಟಿಯನ್ನು ಕಸಿದು, ಅದರಿಂದಲೇ ಕೂಸಿನ ಕುಂಡೆ ಒರೆಸಿದಳು.

"ಆರನೇದು. ಎಣಸ್ಕೋರಿ, ಅತ್ತಿ."