ವೈರಿಲ್ಲದ ಗಿಟಾರು

ನಾನು ಒಂದು ಎಲೆಕ್ಟ್ರಿಕ್ ಗಿಟಾರು. ಹುಟ್ಟಿದ್ದು ಕಲ್ಕತ್ತೆಯ ಒಂದು ಗಲ್ಲಿಯಲ್ಲಿ. ಬೀರುವಿನ ಬಾಗಿಲಾಗಬೇಕಿದ್ದ ಹಲಗೆಯನ್ನು ಬಡಗಿಯೊಬ್ಬ ಕೊರೆದು, ಕೆಂಪು ಬಣ್ಣ ಬಳಿದು, ತಂತಿ ಬಿಗಿದ. ವೀಣೆ, ತಂಬೂರಿಗಳಿಗಿರುವ ಟೊಳ್ಳು ಹೊಟ್ಟೆ ನನಗಿಲ್ಲ. ಸ್ಪೀಕರಿನ ವೈರು ಚುಚ್ಚಿದರೆ ಊರಿಗೇ ಕೇಳುವ ಗಂಟಲು, ಕಿತ್ತರೆ ಪಕ್ಕದ ಕೋಣೆಗೂ ಕೇಳದು. ಇದನ್ನು ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ.

ನನ್ನನ್ನು ಕೊಂಡವಳು ಮೈಸೂರಿನ ವತ್ಸಲಾ. ಹೆಸರೇನೋ ವತ್ಸಲಾ, ಹಾಡುತ್ತಿದ್ದದ್ದು ರಾಕ್. ಹೆಂಗಸು ರಾಕ್ ಹಾಡುವುದೆಂದರೆ ಆ ಕಾಲದ ಜನ ಮೂಗಿನ ಮೇಲೆ ಬೆರಳಿಡುತ್ತಿದ್ದರು. ಬೆರಳಿಟ್ಟವರೇ ಟಿಕೆಟ್ ಕೊಂಡು ಮುಂದಿನ ಸಾಲಲ್ಲಿ ಕೂರುತ್ತಿದ್ದರು. ನಾನಂತೂ ಅವಳ ಎದೆಗೆ ಒರಗಿಕೊಂಡು ಮೆರೆದೆ. ಸುಳ್ಳೇಕೆ, ನನ್ನ ತಲೆ ತಿರುಗಿತ್ತು.

ಅವಳಿಗೆ ಒಬ್ಬಳೇ ಮಗಳು, ಚಾರು. ಗಂಡ ಬೇಗ ತೀರಿಕೊಂಡಿದ್ದ. ಅಮ್ಮ ಮನೆಯಲ್ಲಿ ಅಭ್ಯಾಸಕ್ಕೆ ಕೂತರೆ ಸಾಕು, ಚಾರು ಮಂಚದಡಿ ತೆವಳಿಕೊಂಡು ಬಂದು ನನ್ನ ವೈರು ಕಿತ್ತುಬಿಡುತ್ತಿದ್ದಳು. ದನಿ ನಿಂತ ಕೂಡಲೇ ವತ್ಸಲಾ ತಿರುಗಿ ನೋಡುತ್ತಿದ್ದಳು. ಆ ಹುಡುಗಿಗೆ ಬೇಕಿದ್ದದ್ದು ಅಷ್ಟೇ. ಬೈಗುಳ ತಿಂದರೂ ಕಿಲಕಿಲ ನಗುತ್ತಿದ್ದಳು. ಆದರೆ ನಾವು ಊರೂರು ಸುತ್ತತೊಡಗಿದ ಮೇಲೆ ವೈರು ಅವಳ ಕೈಗೆ ಎಟುಕಲಿಲ್ಲ. ಅವಳು ಅಜ್ಜಿಯ ಮನೆಯಲ್ಲಿ ಬೆಳೆದಳು.

ಚಾರುವಿನ ಮದುವೆಯ ಹಿಂದಿನ ದಿನವೂ ನಮ್ಮ ಕಾರ್ಯಕ್ರಮ ಮುಂಬೈಯಲ್ಲಿತ್ತು. ಛತ್ರ ತಲುಪಿದಾಗ ಮುಹೂರ್ತ ಮುಗಿದಿತ್ತು, ಚಿಕ್ಕಪ್ಪ ಚಿಕ್ಕಮ್ಮ ನಿಂತು ಧಾರೆ ಎರೆದುಕೊಟ್ಟಿದ್ದರು. ಚಾರು ಅಮ್ಮನನ್ನು ನೋಡಿದಳು, ಅಮ್ಮನ ಹೆಗಲಲ್ಲಿದ್ದ ನನ್ನನ್ನೂ ನೋಡಿದಳು.

“ಬಂದ್ರಾ? ಊಟ ಮಾಡ್ಕೊಂಡು ಹೋಗಿ,” ಅಂದಳು.

ಹೆತ್ತ ತಾಯಿಗೆ ಬಹುವಚನ! ಬೈದಿದ್ದರೆ ವತ್ಸಲಾ ತಡೆದುಕೊಳ್ಳುತ್ತಿದ್ದಳು. ಆಮೇಲೆ ವರ್ಷಗಟ್ಟಲೆ ಇಬ್ಬರ ನಡುವೆ ಇದ್ದದ್ದು ಹಬ್ಬಕ್ಕೊಂದು ಫೋನು, ಅದರಲ್ಲೂ “ಚೆನ್ನಾಗಿದೀರಾ?”

ವತ್ಸಲಾಗೆ ವಯಸ್ಸಾಯಿತು, ಬೆರಳ ಗಿಣ್ಣು ಊದಿದವು, ನಾನು ಮಂಚದ ಕೆಳಗೆ ಸೇರಿದೆ. ಹೀಗಿರುವಾಗ ಪ್ರಫುಲ್ಲ ಎಂಬ ಸಿನಿಮಾ ನಿರ್ದೇಶಕ ಬಂದು, “ನಿಮ್ದು, ನಿಮ್ಮ ಮಗಳದು ಕತೆ ಸಿನಿಮಾ ಮಾಡ್ತೀನಿ ಮೇಡಂ,” ಅಂದ. ಅವಳು ಒಪ್ಪಿದ್ದು ಒಂದೇ ಆಸೆಗೆ. ನನ್ನ ಧೂಳು ಒರೆಸುತ್ತಾ ಹೇಳಿದಳು: “ತಪ್ಪಾಯ್ತು ಅಂತ ಅವಳ ಮುಂದೆ ಹೇಳೋಕೆ ನಂಗೆ ಬಾಯೇ ಬರಲ್ಲ. ಸಿನಿಮಾನಾದ್ರೂ ಹೇಳ್ಲಿ.”

ನನ್ನ ಪಾತ್ರವನ್ನು ನಾನೇ ಮಾಡಿದೆ, ಒಳಗೊಳಗೇ ಬೀಗಿದೆ.

ಮೊದಲ ಪ್ರದರ್ಶನದ ದಿನ ಪ್ರಚಾರಕ್ಕೆಂದು ನನ್ನನ್ನೂ ಥಿಯೇಟರಿಗೆ ಒಯ್ದು, ವತ್ಸಲಾಳ ಪಕ್ಕ ಒಂದು ಸೀಟು ಕೊಟ್ಟರು. ಚಾರು ಬಂದಳು, ನನ್ನ ಆಚೆ ಬದಿಗೆ ಕೂತಳು. ಯಾವತ್ತಿನ ಹಾಗೆ ನಡುವೆ ನಾನು.

ಸಿನಿಮಾ ಏನಂತ ಹೇಳಲಿ! ಬೆಟ್ಟ ಅಗೆದು ಇಲಿ ಹಿಡಿದಿದ್ದರು. ತೆರೆಯ ಮೇಲಿನ ವತ್ಸಲಾ ಮಾತೆತ್ತಿದರೆ ಅಳುತ್ತಿದ್ದಳು, ಸಿಟ್ಟು ಬಂದರೆ ಗ್ಲಾಸು ಒಡೆಯುತ್ತಿದ್ದಳು. ಮದುವೆಯ ದೃಶ್ಯವೇ ಇರಲಿಲ್ಲ, ತಪ್ಪಾಯ್ತು ಅನ್ನುವ ಮಾತೂ ಇರಲಿಲ್ಲ. ಬದಲಿಗೆ ಮಗಳೇ ಬಂದು ಅಮ್ಮನ ಕಾಲಿಗೆ ಬಿದ್ದಳು. ಹಿಂದಿನ ಸಾಲಿನವರು ಆಕಳಿಸಿದರು. ವತ್ಸಲಾ ತಲೆ ತಗ್ಗಿಸಿದಳು. ಇದ್ದ ಒಂದು ದಾರಿಯೂ ಮುಚ್ಚಿತಲ್ಲ ಎಂದು ನನಗೆ ಸಂಕಟವಾಯಿತು.

ಕೊನೆಗೆ ಬೆಟ್ಟದ ತುದಿ, ಗುಡುಗು, ಮಳೆ. ನಾಯಕಿ ನನ್ನನ್ನು ಮೀಟಿದಳು. ಥಿಯೇಟರೇ ನಡುಗುವಂಥ ದನಿ ಬಂತು.

ಚಾರು ಕಿಸಕ್ಕನೆ ನಕ್ಕಳು. “ಅಯ್ಯೋ ಅಮ್ಮ, ವೈರೇ ಇಲ್ವಲ್ಲೇ! ನೀನಾದ್ರೂ ಅವ್ರಿಗೆ ಹೇಳ್ಬಾರ್ದಿತ್ತಾ?”

ನೀನು! ವತ್ಸಲಾ ಥಟ್ಟನೆ ತಿರುಗಿ ನೋಡಿದಳು.

“ನಾನೇ ಕಿತ್ತಿರ್ಬೇಕು ಬಿಡು,” ಅಂದಳು ಚಾರು. ಮುಖದಲ್ಲಿ ಇನ್ನೂ ನಗು ಇತ್ತು, ಕಣ್ಣು ಮಾತ್ರ ತುಂಬಿತ್ತು.

“ತಪ್ಪಾಯ್ತು ಕಣೇ,” ಅಂದಳು ವತ್ಸಲಾ. “ಧಾರೆಗೆ ನಾನಿರಬೇಕಿತ್ತು.”

ಚಾರು ನನ್ನನ್ನೆತ್ತಿ ತನ್ನ ಸೀಟಿಗೆ ಹಾಕಿ, ನನ್ನ ಜಾಗದಲ್ಲಿ ತಾನು ಕೂತಳು. ಪ್ರಚಾರಕ್ಕೆ ಬಂದ ನಟನಿಗೆ ಇದಕ್ಕಿಂತ ಅವಮಾನ ಬೇಕೆ? ಆದರೂ ನನಗೆ ಹಾಯೆನಿಸಿತು.

ಸಿನಿಮಾ ವಾರವೂ ಓಡಲಿಲ್ಲ. ನಾನೀಗ ಚಾರುವಿನ ಮನೆಯ ಗೋಡೆಯಲ್ಲಿ ತೂಗುತ್ತಿದ್ದೇನೆ. ಬಣ್ಣ ಸುಲಿದಿದೆ, ಒಂದು ತಂತಿಗೆ ತುಕ್ಕು ಹಿಡಿದಿದೆ. ವತ್ಸಲಾ ಬಂದಾಗಲೆಲ್ಲ ಊದಿದ ಬೆರಳಲ್ಲೇ ನನ್ನನ್ನು ಮೀಟುತ್ತಾಳೆ, ವೈರು ಚುಚ್ಚುವುದಿಲ್ಲ. ಒಂದು ಕಾಲಕ್ಕೆ ಮೈದಾನ ತುಂಬುತ್ತಿದ್ದ ದನಿ ನನ್ನದು. ಈಗ ಅದನ್ನು ಕೇಳಬೇಕಾದರೆ ಪಕ್ಕಕ್ಕೇ ಬಂದು ಕೂರಬೇಕು.

ಚಾರು ಬಂದು ಕೂರುತ್ತಾಳೆ.