ನಾಲ್ಕನೇ ಹಲಗೆ

ಹಿತ್ತಲಿನ ಮರದ ಜಗಲಿಯ ನಾಲ್ಕನೇ ಹಲಗೆ ಕೊಳೆತು ಎರಡು ವರ್ಷವಾಗಿತ್ತು. ಬಡಗಿಯನ್ನು ಕರೆಸೋಣವೆಂದರೆ ನನ್ನ ಗಂಡನದು ಒಂದೇ ಮಾತು: "ಅಷ್ಟಕ್ಕೆ ಬಡಗಿ ಯಾಕೆ? ಭಾನುವಾರ ನಾನೇ ಮಾಡ್ತೀನಿ." ಇವರ ಭಾನುವಾರ ಮಾತ್ರ ಬರಲೇ ಇಲ್ಲ. ಎಪ್ಪತ್ತು ದಾಟಿದ ನಮ್ಮತ್ತೆಯೂ ಸೇರಿ ಮನೆಮಂದಿಯೆಲ್ಲ ಆ ಹಲಗೆಯನ್ನು ಹಾರಿ ಐದನೆಯದರ ಮೇಲೆ ಧೊಪ್ಪನೆ ಇಳಿಯುವುದು ರೂಢಿಯಾಯಿತು.

ಕೊನೆಗೆ ನನ್ನ ತಾಳ್ಮೆ ಕೆಟ್ಟು, ಇವರು ಊರಲ್ಲಿಲ್ಲದ ದಿನ ಬಡಗಿಯನ್ನು ಕರೆಸಿದೆ. ಅವನು ಹೊಸ ಹಲಗೆ ಕೂರಿಸಿ, ಪಕ್ಕದ್ದನ್ನು ಒತ್ತಿ ನೋಡಿದ.

"ನೀವೆಲ್ಲ ಹಾರಿ ಹಾರಿ ಐದನೇದೂ ಬಿರುಕು ಬಿಟ್ಟಿದೆ ಅಕ್ಕ."

"ಇನ್ಮೇಲೆ ಯಾರು ಹಾರ್ತಾರೆ, ಬಿಡಪ್ಪ" ಎಂದು ಕಳಿಸಿಬಿಟ್ಟೆ.

ಮರುದಿನ ಬೆಳಿಗ್ಗೆ ಇವರು ಕಾಫಿ ಲೋಟ ಹಿಡಿದು ಜಗಲಿಗೆ ಬಂದರು. "ರೀ, ನಾಲ್ಕನೇದು ಹೊಸದು, ಹಾರ್ಬೇಡಿ" ಎನ್ನುವಷ್ಟರಲ್ಲಿ ಹಾರಿಯಾಗಿತ್ತು. ಐದನೆಯದು ಲಟಕ್ಕನೆ ಮುರಿದು, ಒಂದು ಕಾಲು ಮೊಣಕಾಲಿನವರೆಗೂ ಒಳಗಿಳಿಯಿತು. ಕಾಫಿ ಮಾತ್ರ ಒಂದು ಹನಿಯೂ ಚೆಲ್ಲಲಿಲ್ಲ.

"ಬಡಗಿಗೆ ಫೋನ್ ಮಾಡ್ಲಾ?" ಎಂದೆ.

ಕಾಲು ಅಲ್ಲಿಯೇ ಇರುವಂತೆಯೇ ಒಂದು ಗುಟುಕು ಹೀರಿದರು.

"ಅಷ್ಟಕ್ಕೆ ಬಡಗಿ ಯಾಕೆ?"

ಈಗ ನಾವೆಲ್ಲ ಐದನೆಯದನ್ನು ಹಾರಿ ಆರನೆಯದರ ಮೇಲೆ ಇಳಿಯುತ್ತಿದ್ದೇವೆ.