ಮಾವನ ಹೆಸರಿನ ಬೀಗ

ಕಿರ್ಗಿಜ್ ನಾಡಿನ ನಾರಿನ್ ನದಿಯ ಮೇಲ್ಕಣಿವೆಯಲ್ಲಿ ದಾದಿಯರನ್ನು ತಯಾರು ಮಾಡುವ ಪುಟ್ಟ ಕಾಲೇಜೊಂದಿದೆ. ದೊಡ್ಡ ಕಾಲೇಜುಗಳ ಹಾಗೆ ಆನ್‌ಲೈನ್ ಪಾಠವನ್ನು ಕೊಂಡು ತರುವ ಶಕ್ತಿ ಅದಕ್ಕಿರಲಿಲ್ಲ. ಕಂಪ್ಯೂಟರ್ ಮೇಷ್ಟ್ರು ಮೆಲಿಸ್ ದೇವರ ಮೇಲೆ ಭಾರ ಹಾಕಿ, ಯಾರೋ ಬಿಸಾಕಿದ ಕಂಪ್ಯೂಟರುಗಳನ್ನು ಒಟ್ಟುಮಾಡಿ ತಾವೇ ಒಂದು ಪಾಠದ ವ್ಯವಸ್ಥೆ ಕಟ್ಟಿದರು. ಪಾಠವೆಲ್ಲ ಬರೀ ಧ್ವನಿ. ಹಿಮ ಬಿದ್ದು ದಾರಿ ಮುಚ್ಚಿದರೂ ಹುಡುಗಿಯರು ಒಲೆಯ ಮುಂದೆ ಕೂತು ಅಗ್ಗದ ಫೋನಿನಲ್ಲಿ ಕೇಳಬಹುದು, ಪರೀಕ್ಷೆಗೂ ಬಾಯಲ್ಲೇ ಉತ್ತರ ಹೇಳಬಹುದು. ಒಬ್ಬಳ ಪರೀಕ್ಷೆಗೆ ಇನ್ನೊಬ್ಬಳು ಕೂರದಿರಲಿ ಎಂದು ಒಂದು ಬೀಗವನ್ನೂ ಇಟ್ಟಿದ್ದರು: ಪೂರ್ತಿ ಹೆಸರು ಹೇಳಿದ ಮೇಲೆಯೇ ಪ್ರಶ್ನೆ ಬರುವುದು.

ಚಳಿಗಾಲದ ಪರೀಕ್ಷೆಯಲ್ಲಿ ಜಿಪಾರ್‌ಳ ಉತ್ತರ ಮಾತ್ರ ಬರಲಿಲ್ಲ. ತರಗತಿಗೇ ಜಾಣೆ, ಆಗಷ್ಟೇ ಮದುವೆಯಾಗಿ ಬೆಟ್ಟದಾಚೆ ಹೋಗಿದ್ದಳು.

"ಸೊಸೆಯಾದ ಮೇಲೆ ಓದೆಲ್ಲಿ ಬಂತಪ್ಪ? ಹಿಟ್ಟು ನಾದ್ತಿರ್ತಾಳೆ," ಎಂದರು ಪ್ರಾಂಶುಪಾಲೆ ಸಬೀರಾ. "ಇವತ್ತು ಸಂಜೆಯೊಳಗೆ ಬರದಿದ್ರೆ ಹೆಸರು ತೆಗಿ. ಆ ಸೀಟಿಗೆ ಬೇರೆ ಹುಡುಗಿ ಕಾಯ್ತಿದ್ದಾಳೆ."

ಮೆಲಿಸ್ ಬೀಗದ ಹಂತದಲ್ಲಿ ದಾಖಲಾಗಿದ್ದ ಜಿಪಾರ್‌ಳ ಧ್ವನಿ ಹಾಕಿ ಕೇಳಿದರು. ಚಹಾದ ಸಮೋವರ್ ಕುದಿಯುವ ಸದ್ದು, ಕುರಿಮರಿಯ ಕೂಗು. "ಬಿಸ್ಮಿಲ್ಲಾ... ಜಿಪಾರ್..." ಆಮೇಲೆ ಬರೀ ಉಸಿರು. ಮತ್ತೆ ಹಾಕಿದರೂ ಅದೇ. ಸಿಗ್ನಲ್ ಕೈಕೊಟ್ಟಿರಬೇಕೆಂದು ಫೋನ್ ಮಾಡಿದರು. ಎತ್ತಿದವನು ಅವಳ ಮಾವ.

"ಏನಪ್ಪಾ ಮೇಷ್ಟ್ರೇ, ನಿನ್ನ ಪೆಟ್ಟಿಗೆ ನನ್ನ ಸೊಸೆಗೆ ಏನ್ ಹೇಳು ಅಂತಿದೆ ಗೊತ್ತಾ?"

"ಅವಳ ಹೆಸರು, ಅಕ್ಸಕಾಲ್," ಎಂದರು ಮೆಲಿಸ್, ಊರ ಹಿರಿಯರನ್ನು ಕರೆಯುವ ಹಾಗೆ.

"ಹೆಸರಿನ ಕೊನೇಲಿ ಏನಿದೆ ನೋಡು."

ನೋಡಿದರು. ಮದುವೆಯ ನಂತರ ಬದಲಾದ ಹೆಸರು: ಜಿಪಾರ್ ತೆಮಿರ್‌ಕುಲೋವಾ.

"ತೆಮಿರ್‌ಕುಲ್ ನಾನೇ. ನನ್ನ ಮನೇಲೇ ಕೂತು ನನ್ನ ಹೆಸರು ಎತ್ತುತಾಳಾ? ಹೋಗ್ಲಿ ಹೇಳಮ್ಮಾ ಅಂತ ನಾನೇ ಅಂದೆ. 'ನಾಲಿಗೆ ಹೊರಳಲ್ಲ ಅಪ್ಪಾ' ಅಂತ ಅಳ್ತಾಳೆ. ನೀನೇನು ಕಿರ್ಗಿಜ್ ತಾಯಿ ಹಾಲು ಕುಡಿದೋನಲ್ವಾ?"

ಮೆಲಿಸ್‌ಗೆ ಮುಖ ಬಿಸಿಯಾಯಿತು. ತಮ್ಮ ಹೆಂಡತಿಯೂ ಮಾವನ ಹೆಸರನ್ನು ಎಂದೂ ಆಡಿದವಳಲ್ಲ. ಹಿರಿಯ ಮಣ್ಣಾದ ಮೇಲೂ ದುವಾ ಬೇಡುವಾಗ 'ನಮ್ಮ ದೊಡ್ಡವರು' ಎನ್ನುತ್ತಾಳೆ. ದಿನವೂ ಕಿವಿಗೆ ಬೀಳುತ್ತಿದ್ದದ್ದು ತಲೆಗೆ ಹೋಗಿರಲಿಲ್ಲ.

"ತಪ್ಪು ನಂದೇ ಅಕ್ಸಕಾಲ್. ಆದ್ರೆ ಸರಿಮಾಡೋಕೆ ಹೊತ್ತಿಲ್ಲ. ಸಂಜೆಯಾದ್ರೆ ಅವಳ ಸೀಟು ಹೋಗತ್ತೆ."

ಮುದುಕ ಕೇಳಿದ: "ಯಾರು ಹೇಳಿದ್ರೂ ತೆರೀತದಾ ನಿನ್ನ ಬೀಗ?"

ಬೀಗಕ್ಕೆ ಹೆಸರು ಗೊತ್ತು, ದನಿ ಗೊತ್ತಿಲ್ಲ. ಕಟ್ಟಿದವರೇ ಅದನ್ನು ಒಪ್ಪಿಕೊಳ್ಳಬೇಕಾಯಿತು. "ತೆರೀತದೆ," ಎಂದರು.

ಹೊತ್ತು ಮುಳುಗುವ ಮುನ್ನ ಉತ್ತರ ಬಂತು. ಸಬೀರಾ ಪಕ್ಕದಲ್ಲೇ ಕೂತು ಕೇಳಿದರು. "ಜಿಪಾರ್," ಎಂದಿತು ಹೆಣ್ಣುದನಿ. "ತೆಮಿರ್‌ಕುಲೋವಾ!" ಎಂದು ಗುಡ್ಡದ ಮೇಲಿನ ಕುದುರೆಯನ್ನು ಕರೆಯುವ ಹಾಗೆ ಗಂಡುದನಿಯೊಂದು ಗುಡುಗಿತು. ಆಮೇಲೆ ಹುಡುಗಿ, ಹೆರಿಗೆಯಾದವಳಿಗೆ ರಕ್ತ ನಿಲ್ಲದಿದ್ದರೆ ಏನು ಮಾಡಬೇಕೆಂದು ಒಮ್ಮೆಯೂ ತಡವರಿಸದೆ ಹೇಳುತ್ತ ಹೋದಳು.

"ಯಾರೋ ಇದು ಗಂಡಸು?"

"ಅವಳ ಮಾವ, ಅಕ್ಕಾ. ಆ ಹೆಸರು ಅವರದ್ದು. ಅವಳು ಹೇಳೋ ಹಾಗಿಲ್ಲ."

ಸಬೀರಾ ಬಾಯಿಗೆ ಕೈ ಅಡ್ಡ ಹಿಡಿದರು. "ಅಯ್ಯೋ ಕುದಾಯ್! ನಮ್ಮ ಮಾವನ ಹೆಸರು ಕೇಳಿದ್ರೆ ನಂಗೂ ಪ್ರಶ್ನೆ ಬರ್ತಿರ್ಲಿಲ್ಲ. ಅಲ್ವೋ ಮಂಕೇ, ಹೆಣ್ಮಕ್ಕಳ ಕಾಲೇಜಿಗೆ ಇದನ್ನ ಕಟ್ಟಿದೋನು ಹೆಂಡ್ತೀನ ಒಂದ್ಮಾತು ಕೇಳಬಾರ್ದಿತ್ತಾ?" ಎನ್ನುತ್ತಲೇ ಪೂರ್ತಿ ಅಂಕ ಹಾಕಿದರು.

ಮೆಲಿಸ್ ಆ ಬೀಗವನ್ನು ಕಿತ್ತುಹಾಕಿದರು. ಬದಲಿಗೆ ತವರೂರಿನ ಹೆಸರನ್ನು ಕೇಳೋಣವೆಂದು ಕೂತವರು, ಬರೆಯುವ ಮೊದಲು ಮನೆಗೆ ಫೋನ್ ಮಾಡಿ, ಇದಾದರೂ ಆದೀತೇ ಎಂದು ಹೆಂಡತಿಯನ್ನು ಕೇಳಿದರು.